ಆಟಿಯ ಗಾಳಿಗೆ ಬೈಕು: ಕಾಸರಗೋಡಿನಲ್ಲಿ ನಾಲ್ಕು ದಿನ

ಮೇ ಕೊನೆಯಲ್ಲಿ ಬರುವ ತುಳುವರ ಪತ್ತನಾಜೆ ಕಳೆದು ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚಿದ ಮೇಲೆ ಕಾಸರಗೋಡಿಗೆ ಬರುವ ಗಾಳಿಗೆ ಒಂದು ಖಚಿತ ದಿಕ್ಕಿದೆ. ಆಟಿ ಎಂಬ ತುಳು ತಿಂಗಳೂ ಸೇರಿ ಜೂನ್‌ನಿಂದ ಆಗಸ್ಟ್‌ವರೆಗೆ ಅದು ಬಹುಪಾಲು ಪಡುವಣದಿಂದ, ಒಮ್ಮೊಮ್ಮೆ ವಾಯುವ್ಯದಿಂದ ಬೀಸುತ್ತದೆ. ಜಿಲ್ಲೆಯ ದೊಡ್ಡ ರಸ್ತೆಗಳು ಕಡಲಿನ ಪಕ್ಕದಲ್ಲೇ ಬಡಗು–ತೆಂಕು ಓಡುವುದರಿಂದ ಅಲ್ಲಿ ಸಿಗುವುದೆಲ್ಲ ಅಡ್ಡಗಾಳಿ. ಘಟ್ಟದ ಕಡೆ ಹೊರಟ ರಸ್ತೆಗಳಲ್ಲಿ ಹೋಗುವಾಗ ಗಾಳಿ ಬೆನ್ನಿಗೆ, ಬರುವಾಗ ಎದೆಗೆ. ತಲಪಾಡಿಯಿಂದ ಹೊಸದುರ್ಗ (ಕಾಞಂಗಾಡ್), ಅಲ್ಲಿಂದ ರಾಣಿಪುರಂ, ಮತ್ತೆ ಪದವುಗಳೆಂಬ ಬಯಲು ಗುಡ್ಡಗಳ ಮೇಲಿನಿಂದ ಉಪ್ಪಳ: ಈ ನಾಲ್ಕು ದಿನದ ಸುತ್ತಿನಲ್ಲಿ ಮೂರು ಬಗೆಯ ಗಾಳಿಯೂ ಪರಿಚಯವಾಗುತ್ತದೆ.

ಒಂದು ಮಾತು ಮೊದಲೇ ಹೇಳಬೇಕು. ಒಂದೇ ಸಮನೆ ಬೀಸುವ ಗಾಳಿಗೆ ಬೈಕು ಹೊಂದಿಕೊಳ್ಳುತ್ತದೆ, ಹತ್ತು ನಿಮಿಷದಲ್ಲಿ ಕೈಯೂ ಹೊಂದಿಕೊಳ್ಳುತ್ತದೆ. ಸವಾರ ಬೀಳುವುದು ಗಾಳಿ ತಟ್ಟನೆ ಕಡಿದುಹೋಗುವ ಕಡೆ, ತಟ್ಟನೆ ಮತ್ತೆ ಬಡಿಯುವ ಕಡೆ. ಹಾಗಾಗಿ ಈ ದಾರಿಯಲ್ಲಿ ಗಾಳಿ ಎಷ್ಟಿದೆ ಅನ್ನುವುದಕ್ಕಿಂತ ಎಲ್ಲಿ ನಿಲ್ಲುತ್ತದೆ, ಎಲ್ಲಿ ಶುರುವಾಗುತ್ತದೆ ಅನ್ನುವುದನ್ನೇ ನೋಡುತ್ತಾ ಹೋಗಬೇಕು.

ದಾರಿಗೆ ಎರಡು ಬೈಕು. ಒಂದು ಸುಮಾರು 112 ಕೆ.ಜಿ.ಯ ಸ್ಪ್ಲೆಂಡರ್, ಇನ್ನೊಂದು 195 ಕೆ.ಜಿ.ಯ ಕ್ಲಾಸಿಕ್ 350. ತೂಕದ ವ್ಯತ್ಯಾಸ ಗಾಳಿಯಲ್ಲಿ ಎದ್ದು ಕಾಣುತ್ತದೆ.

ಹೊರಡುವ ಹಿಂದಿನ ಸಂಜೆ

ಮೊದಲ ಕೆಲಸ ಕೋನ್‌ಸೆಟ್, ಅಂದರೆ ಹ್ಯಾಂಡಲ್ ತಿರುಗುವ ಬುಡದ ಬೇರಿಂಗ್‌ಗಳನ್ನು ನೋಡುವುದು. ಬೈಕನ್ನು ಸೆಂಟರ್ ಸ್ಟ್ಯಾಂಡಿಗೆ ಹಾಕಿ, ಹಿಂದಿನಿಂದ ಒಬ್ಬರು ಒತ್ತಿ ಮುಂದಿನ ಚಕ್ರವನ್ನು ನೆಲದಿಂದ ಎತ್ತಿ ಹಿಡಿಯಲಿ. ಹ್ಯಾಂಡಲನ್ನು ಎರಡು ಬೆರಳಲ್ಲಿ ಹಿಡಿದು ಎಡದಿಂದ ಬಲಕ್ಕೆ ಮೆಲ್ಲಗೆ ತಿರುಗಿಸಿ. ಸರಿಯಾಗಿದ್ದರೆ ಎಣ್ಣೆಯಲ್ಲಿ ಜಾರಿದ ಹಾಗೆ ಹೋಗುತ್ತದೆ. ನಡುವಿಗೆ ಬಂದಾಗ ಟಕ್ಕೆಂದು ಕೂತುಬಿಟ್ಟರೆ ಬೇರಿಂಗ್ ಬಟ್ಟಲಲ್ಲಿ ಗುಳಿ ಬಿದ್ದಿದೆ ಎಂದರ್ಥ. ಗಾಳಿಯಲ್ಲಿ ಸವಾರ ಮಾಡುವ ತಿದ್ದುಪಡಿ ಒಂದೆರಡು ಡಿಗ್ರಿಯಷ್ಟು ಸಣ್ಣದು. ಹ್ಯಾಂಡಲ್ ಆ ಗುಳಿಯಲ್ಲಿ ಸಿಕ್ಕಿಕೊಂಡರೆ ಸಣ್ಣ ತಿದ್ದುಪಡಿ ಸಾಧ್ಯವಿಲ್ಲ, ದೊಡ್ಡದಾಗಿಯೇ ಆಗುತ್ತದೆ, ಬೈಕು ಹಾವಿನ ಹಾಗೆ ಹರಿಯತೊಡಗುತ್ತದೆ. ಆಮೇಲೆ ಫೋರ್ಕಿನ ಬುಡ ಹಿಡಿದು ಹಿಂದಕ್ಕೂ ಮುಂದಕ್ಕೂ ಜಗ್ಗಿ ನೋಡಿ. ಟಕ್ ಟಕ್ ಅಂದರೆ ನಟ್ಟು ಸಡಿಲವಾಗಿದೆ. ಹಿಂದಿನ ಚಕ್ರವನ್ನು ಮೇಲೆ ಕೆಳಗೆ ಹಿಡಿದು ಅಡ್ಡಕ್ಕೆ ಅಲುಗಿಸಿ. ಅಲ್ಲಿ ಆಟ ಕಂಡರೆ ಚಕ್ರದ ಬೇರಿಂಗ್ ಅಥವಾ ಸ್ವಿಂಗ್‌ಆರ್ಮ್ ಬುಷ್ ಸವೆದಿದೆ. ಇವೆಲ್ಲ ನೂರು ಮೈಲಿ ಸುಮ್ಮನಿದ್ದು ಸೇತುವೆಯ ಮೇಲೆ ಕಾಣಿಸಿಕೊಳ್ಳುವ ದೋಷಗಳು.

ಟೈರಿಗೆ ಗಾಳಿ ತಣ್ಣಗಿರುವಾಗಲೇ, ಬೈಕಿನ ಚೀಟಿಯಲ್ಲಿ ಬರೆದಷ್ಟೇ ಹಾಕಿ. ಮಳೆಗಾಲದಲ್ಲಿ ಕಡಿಮೆ ಗಾಳಿ ಹಿಡಿತ ಕೊಡುತ್ತದೆಂದು ಇಳಿಸುವವರಿದ್ದಾರೆ. ಇಳಿಸಿದರೆ ಟೈರಿನ ಪಕ್ಕೆ ಮೆತ್ತಗಾಗಿ ಅಡ್ಡಗಾಳಿಗೆ ಬೈಕು ತೇಲುತ್ತದೆ. ಚೈನಿನ ಸಡಿಲ ಬಹುಪಾಲು ಬೈಕುಗಳಲ್ಲಿ 20ರಿಂದ 30 ಮಿ.ಮೀ. ಇರಬೇಕು. ಜೋತುಬಿದ್ದ ಚೈನ್ ಇದ್ದರೆ ಆಕ್ಸಿಲರೇಟರ್ ತುಸು ಬಿಟ್ಟರೂ ಬೈಕು ಜಗ್ಗುತ್ತದೆ, ಗಾಳಿಯಲ್ಲಿ ಅದು ಬೇಡ.

ಸಾಮಾನು ಕೆಳಗೆ ಮತ್ತು ಮುಂದಕ್ಕೆ ಬಂದಷ್ಟೂ ಒಳ್ಳೆಯದು. ಟಾಪ್ ಬಾಕ್ಸ್ ಕೂರುವುದು ಹಿಂದಿನ ಆಕ್ಸಲ್‌ಗಿಂತ ಹಿಂದೆ, ಎತ್ತರದಲ್ಲಿ. ಅಲ್ಲಿ ಭಾರ ಇಟ್ಟರೆ ಮುಂದಿನ ಚಕ್ರ ಹಗುರಾಗುತ್ತದೆ, ಖಾಲಿ ಇಟ್ಟರೂ ಪಟದ ಹಾಗೆ ಗಾಳಿ ಹಿಡಿಯುತ್ತದೆ. ಈ ದಾರಿಗೆ ಅದನ್ನು ಮನೆಯಲ್ಲೇ ಬಿಡುವುದು ಸರಿ. ಸೀಟಿಗೆ ಬಿಗಿದ ಒಂದು ಉದ್ದನೆಯ ಚೀಲ ಸಾಕು. ಹ್ಯಾಂಡಲಿಗೆ ಕಟ್ಟಿದ ಎತ್ತರದ ಅಕ್ರಿಲಿಕ್ ಗಾಜನ್ನೂ ಕಳಚಿ. ಬೈಕಿನ ಫ್ರೇಮಿಗೆ ಕೂತ ಗಾಜು ಬೈಕನ್ನು ತಳ್ಳುತ್ತದೆ ಅಷ್ಟೆ, ಹ್ಯಾಂಡಲಿಗೆ ಕೂತದ್ದು ಬೈಕನ್ನೇ ತಿರುಗಿಸುತ್ತದೆ.

ಮಳೆಯಂಗಿ ಎರಡು ತುಂಡಿನದಾಗಿರಲಿ, ಒಂದು ಅಳತೆ ದೊಡ್ಡದು ಬೇಡ. ತಲೆಯಿಂದ ಇಳಿಬಿಡುವ ಗೊಬ್ಬೆಯಂಥ ಪೊಂಚೊ ಖಂಡಿತ ಬೇಡ, ಅದು ಬೀಸಿ ಮುಖಕ್ಕೆ ಮುಚ್ಚಿಕೊಂಡರೆ ಮುಗಿಯಿತು. ಹಳೆಯ ಸೈಕಲ್ ಟ್ಯೂಬನ್ನು ಎರಡು ಬೆರಳಗಲಕ್ಕೆ ಬಳೆಯ ಹಾಗೆ ಕತ್ತರಿಸಿ ನಾಲ್ಕು ಇಟ್ಟುಕೊಳ್ಳಿ. ಎರಡು ಮೊಣಕೈಯ ಮೇಲೆ, ಎರಡು ಮೀನಖಂಡಕ್ಕೆ. ಪಟಪಟ ಅನ್ನುವ ತೋಳು ನಿಂತರೆ ಅರ್ಧ ದಣಿವು ನಿಂತ ಹಾಗೆ. ಹೆಲ್ಮೆಟ್ ಪೂರ್ತಿ ಮುಖ ಮುಚ್ಚುವುದು, ಮೇಲಿನ ಚೂಪು ಚಜ್ಜೆ ಇದ್ದರೆ ಅದರ ಸ್ಕ್ರೂ ಬಿಚ್ಚಿ ತೆಗೆದಿಡಿ.

ರಾತ್ರಿ ಹವಾಮಾನ ಇಲಾಖೆಯ ಮುನ್ಸೂಚನೆ ನೋಡುವಾಗ ಮಳೆಯ ಬಣ್ಣವೊಂದನ್ನೇ ನೋಡಬೇಡಿ. ‘ಗಂಟೆಗೆ 40ರಿಂದ 50 ಕಿ.ಮೀ., ಕೆಲವೊಮ್ಮೆ 60’ ಎಂಬ ಸಾಲು ಇದೆಯೇ ನೋಡಿ. ಅದರಲ್ಲಿ ಮುಖ್ಯ ಕೊನೆಯ ಅಂಕಿ. ಗಾಳಿಯ ಒತ್ತಡ ವೇಗದ ವರ್ಗಕ್ಕೆ ಏರುತ್ತದೆ, 40ರ ಗಾಳಿ 60 ಆದರೆ ಒತ್ತಡ ಒಂದೂವರೆ ಪಟ್ಟಲ್ಲ, ಎರಡೂಕಾಲು ಪಟ್ಟು. ಬೆಳಗ್ಗೆ ಅಂಗಳದಿಂದಲೂ ಅಳೆಯಬಹುದು. ಸಣ್ಣ ಮರಗಳು ತೂಗುತ್ತಿದ್ದರೆ ಗಾಳಿ 30ರಿಂದ 38, ಕೊಡೆ ಹಿಡಿಯುವುದು ಕಷ್ಟವಾದರೆ 40ರಿಂದ 49, ದೊಡ್ಡ ಮರಗಳು ಬುಡಸಮೇತ ಅಲುಗಿದರೆ 50 ದಾಟಿದೆ, ಹಸಿ ರೆಂಬೆ ಮುರಿಯತೊಡಗಿದರೆ 62ಕ್ಕೂ ಮೇಲೆ. ಕೊಡೆ ಕಷ್ಟ ಅನ್ನುವ ತನಕ ಜಾಗ್ರತೆಯಿಂದ ಹೋಗಬಹುದು. ದೊಡ್ಡ ಮರ ಅಲುಗುತ್ತಿದ್ದರೆ ಸ್ಪ್ಲೆಂಡರ್ ಮನೆಯಲ್ಲಿರಲಿ. ರೆಂಬೆ ಮುರಿಯುತ್ತಿದ್ದರೆ ಯಾವ ಬೈಕೂ ಬೇಡ.

ಮೊದಲ ದಿನ: ತಲಪಾಡಿಯಿಂದ ಕಾಸರಗೋಡು

ತಲಪಾಡಿ ಗಡಿ ದಾಟಿದರೆ ರಾಷ್ಟ್ರೀಯ ಹೆದ್ದಾರಿ 66ರ ಆರು ಲೇನು, ಎರಡೂ ಬದಿ ಸರ್ವಿಸ್ ರಸ್ತೆ. ಹೆದ್ದಾರಿ ಪಟ್ಟಣಗಳಲ್ಲಿ ಗೋಡೆ ಕಟ್ಟಿದ ದಿಬ್ಬದ ಮೇಲೇರಿ ಹೋಗುತ್ತದೆ. ಗಾಳಿಯ ದಿನ ಬೈಕಿಗೆ ಸರ್ವಿಸ್ ರಸ್ತೆಯೇ ಹಿತ, ದ್ವಿಚಕ್ರಗಳಿಗೆ ಅದೇ ದಾರಿ ಎಂಬ ಫಲಕ ಇದ್ದಲ್ಲಿ ಪ್ರಶ್ನೆಯೇ ಇಲ್ಲ. ತೆಂಕಕ್ಕೆ ಹೋಗುವ ಸರ್ವಿಸ್ ರಸ್ತೆ ದಿಬ್ಬದ ಮೂಡು ಬದಿಗಿದೆ. ಕಡಲ ಗಾಳಿಯನ್ನು ದಿಬ್ಬದ ಗೋಡೆಯೇ ತಡೆದುಕೊಳ್ಳುತ್ತದೆ. ಇದು ಮೊದಲ ದಿನದ ಅನುಕೂಲ, ನಾಲ್ಕನೆಯ ದಿನ ಬಡಗಿಗೆ ತಿರುಗಿದಾಗ ಇದೇ ತಿರುಗುಬಾಣ.

ಆದರೆ ಗೋಡೆ ಅಖಂಡವಲ್ಲ. ಮಂಜೇಶ್ವರ, ಉಪ್ಪಳ, ಕುಂಬಳೆ ಎಲ್ಲೆಡೆ ನಡುನಡುವೆ ಅಂಡರ್‌ಪಾಸ್ ಬಾಯಿ ತೆರೆದಿರುತ್ತದೆ. ಪಡುವಣದ ಗಾಳಿ ಆ ಕಿಂಡಿಯೊಳಗೆ ನುಗ್ಗಿ ಕೊಳವೆಯಿಂದ ಬಂದ ನೀರಿನ ಹಾಗೆ ಈಚೆ ಬದಿ ಚಿಮ್ಮುತ್ತದೆ. ಗೋಡೆಯ ಮರೆಯಲ್ಲಿ ನೆಟ್ಟಗೆ ಹೋಗುತ್ತಿದ್ದ ಬೈಕಿಗೆ ಬಲ ಪಕ್ಕೆಗೆ ಒಂದು ಗುದ್ದು, ಹತ್ತು ಹನ್ನೆರಡು ಮೀಟರ್ ಕಳೆದರೆ ಮತ್ತೆ ಗೋಡೆ. 40ರ ವೇಗದಲ್ಲಿ ಇದು ಒಂದು ಸೆಕೆಂಡಿನ ಮಾತು. ಈ ಸೆಕೆಂಡಿನಲ್ಲಿ ಹೆಚ್ಚಿನವರು ಮಾಡುವ ತಪ್ಪು ಗುದ್ದಿಗೆ ಪ್ರತಿಯಾಗಿ ಬಲಕ್ಕೆ ಜೋರಾಗಿ ವಾಲುವುದು. ವಾಲಿ ಮುಗಿಸುವಷ್ಟರಲ್ಲಿ ಗಾಳಿ ಇಲ್ಲ, ವಾಲಿದ ಬೈಕು ಗೋಡೆಯ ಕಡೆಗೆ ಹೋಗುತ್ತದೆ. ಕಿಂಡಿಗೆ ಐವತ್ತು ಮೀಟರ್ ಮೊದಲೇ 30ಕ್ಕೆ ಇಳಿಸಿ, ಗೋಡೆಯಿಂದ ಒಂದೂವರೆ ಮೀಟರ್ ಜಾಗ ಬಿಟ್ಟು, ಮೊಣಕೈ ಸಡಿಲ ಬಿಟ್ಟು ಹೋಗಬೇಕು. ಎಡಕ್ಕೆ ಒಂದು ಗೇಣು ಸರಿದರೆ ಸರಿಯಲಿ, ಅದನ್ನು ತಿದ್ದಲು ಹೋಗಬೇಡಿ.

ಉಪ್ಪಳ, ಶಿರಿಯ, ಮೊಗ್ರಾಲ್ ಹೊಳೆಗಳ ಸೇತುವೆಗಳಲ್ಲಿ ಮರೆ ಇಲ್ಲ, ಪಡುವಕ್ಕೆ ಅಳಿವೆಯವರೆಗೂ ತೆರೆದ ನೀರು. ಅಡ್ಡಗಾಳಿಯಲ್ಲಿ ಬೈಕು ನಡೆಸುವ ವಿದ್ಯೆ ಇಲ್ಲಿ ಬೇಕು. ಗಾಳಿ ಬಲದಿಂದ ಬಂದರೆ ಬಲ ಹಿಡಿಯನ್ನು ಮುಂದಕ್ಕೆ ಒತ್ತಿ. ತಿರುಗಿಸುವುದಲ್ಲ, ಅಂಗೈಯ ಬುಡದಿಂದ ಮುಂದಕ್ಕೆ ಒತ್ತುವುದು. ಬೈಕು ಬಲಕ್ಕೆ, ಅಂದರೆ ಗಾಳಿಯ ಕಡೆಗೆ ವಾಲುತ್ತದೆ. ವಾಲಿದ ಸ್ಥಿತಿಯಲ್ಲೇ ನೇರ ಹೋಗುತ್ತದೆ. ಒತ್ತುವ ಬಲವನ್ನು ಗಾಳಿ ಏರಿದಂತೆ ಏರಿಸಿ, ಇಳಿದಂತೆ ಇಳಿಸಿ. ಎಡಗೈ ಸುಮ್ಮನೆ ಕೂತಿರಲಿ. ಹೊಸಬರು ಎರಡೂ ಕೈಯಲ್ಲಿ ಹ್ಯಾಂಡಲನ್ನು ಕಬ್ಬಿಣದ ಹಾಗೆ ಹಿಡಿದಾಗ ಗಾಳಿ ಅವರ ಎದೆಯನ್ನು ತಳ್ಳುತ್ತದೆ, ಎದೆ ತೋಳನ್ನು, ತೋಳು ಹ್ಯಾಂಡಲನ್ನು. ಬೈಕು ಓಲಾಡಿದ್ದು ಗಾಳಿಯಿಂದ ಎಂದು ಅವರು ತಿಳಿಯುತ್ತಾರೆ, ಅರ್ಧ ಓಲಾಟ ಅವರ ಕೈಯದ್ದೇ. ಮೊಣಕಾಲಲ್ಲಿ ಟ್ಯಾಂಕ್ ಅವುಚಿ, ಹೊಟ್ಟೆ ಬಿಗಿದು, ಮೈ ತುಸು ಮುಂದಕ್ಕೆ ಬಾಗಿಸಿದರೆ ದೇಹದ ಭಾರ ಕಾಲಿಗೆ ಇಳಿಯುತ್ತದೆ, ಕೈ ಬಿಡುವಾಗುತ್ತದೆ.

ಎಷ್ಟು ವಾಲುತ್ತದೆ? ಬೈಕು 60ರಲ್ಲಿ, ಅಡ್ಡಗಾಳಿ 40ರಲ್ಲಿ, ಪಕ್ಕೆಯ ವಿಸ್ತಾರ ಒಂದು ಚದರ ಮೀಟರ್ ಎಂದು ಸ್ಥೂಲವಾಗಿ ಲೆಕ್ಕ ಹಾಕಿದರೆ ಪಕ್ಕಕ್ಕೆ ಬೀಳುವ ಒತ್ತು 13–14 ಕಿಲೋ. ಎಪ್ಪತ್ತು ಕಿಲೋ ಸವಾರ ಕೂತ ಸ್ಪ್ಲೆಂಡರ್ ಅದಕ್ಕೆ ನಾಲ್ಕು ಡಿಗ್ರಿಯಷ್ಟು ವಾಲಿ ಉತ್ತರ ಕೊಡುತ್ತದೆ, ಕ್ಲಾಸಿಕ್‌ಗೆ ಮೂರು ಡಿಗ್ರಿ ಸಾಕು. ವಾಲುವಿಕೆ ಕಣ್ಣಿಗೆ ಕಾಣುವುದೂ ಇಲ್ಲ. ಇಷ್ಟು ಸಣ್ಣದ್ದಕ್ಕೆ ಹೆದರಿ ಸೆಟೆದು ಕೂರುವುದೇ ಕಷ್ಟಕ್ಕೆ ಮೂಲ.

ವೇಗ ಜಾಸ್ತಿಯಾದರೆ ಬೈಕು ಸ್ಥಿರವಾಗುತ್ತದೆ ಎಂಬ ಮಾತು ಊರಲ್ಲೆಲ್ಲ ಇದೆ. ಚಕ್ರ ಜೋರಾಗಿ ತಿರುಗಿದಷ್ಟೂ ನೆಟ್ಟಗಿರಲು ನೋಡುವುದು ನಿಜ. ಆದರೆ ಅದೇ 40ರ ಅಡ್ಡಗಾಳಿಯಲ್ಲಿ ಬೈಕು 60ರಿಂದ 80ಕ್ಕೆ ಏರಿದರೆ ಪಕ್ಕದ ಒತ್ತು ಕಾಲುಭಾಗದಷ್ಟು ಹೆಚ್ಚುತ್ತದೆ, ಅರ್ಧ ಸೆಕೆಂಡಿನ ಗುದ್ದಿಗೆ ಬೈಕು 8 ಮೀಟರ್ ಬದಲು 11 ಮೀಟರ್ ಓಡಿರುತ್ತದೆ. ತೀರಾ 20ಕ್ಕೆ ಇಳಿದರೂ ಬೈಕು ತೊನೆಯುತ್ತದೆ. ಈ ದಾರಿಗೆ 40ರಿಂದ 50 ಸರಿಯಾದ ವೇಗ. ಒಂದು ಗೇರ್ ಕೆಳಗೆ ಇಟ್ಟರೆ ಎಂಜಿನ್ ಎಳೆತ ಒಂದೇ ಸಮನಿರುತ್ತದೆ.

ಮಂಗಳೂರಿಂದ ಬರುವ ಗ್ಯಾಸ್ ಟ್ಯಾಂಕರ್‌ಗಳ ವಿಷಯ ಬೇರೆ. ತೆಂಕಕ್ಕೆ ಹೋಗುವಾಗ ಟ್ಯಾಂಕರನ್ನು ಬಲಬದಿಯಿಂದ ದಾಟಬೇಕು, ಗಾಳಿಯೂ ಬಲದಿಂದಲೇ ಬರುತ್ತದೆ. ಅಂದರೆ ಗಾಳಿ ಬೈಕನ್ನು ಟ್ಯಾಂಕರಿನ ಚಕ್ರದ ಕಡೆಗೇ ತಳ್ಳುತ್ತದೆ. ಒಂದು ಲೇನಿನ ಅಂತರ ಪೂರ್ತಿ ಸಿಗದಿದ್ದರೆ ದಾಟಬೇಡಿ. ಟ್ಯಾಂಕರ್ ನಮ್ಮನ್ನು ದಾಟಿದರೆ ಮೊದಲು ಅದರ ಮೂತಿಯ ಗಾಳಿ ಹೊರಕ್ಕೆ ನೂಕುತ್ತದೆ, ನಡುವೆ ಅದರ ಮೈ ಕಡಲ ಗಾಳಿಯನ್ನು ಕಡಿಯುತ್ತದೆ, ಆಗ ಬಲಕ್ಕೆ ವಾಲಿದ್ದ ಬೈಕು ಟ್ಯಾಂಕರಿನತ್ತ ಸರಿಯುತ್ತದೆ. ಕನ್ನಡಿಯಲ್ಲಿ ಟ್ಯಾಂಕರ್ ಕಂಡಾಗಲೇ ಎಡಕ್ಕೆ ಸರಿದು, ಆಕ್ಸಿಲರೇಟರ್ ಇಳಿಸಿ, ಅದು ಬೇಗ ಮುಂದೆ ಹೋಗುವ ಹಾಗೆ ಮಾಡಿ.

ತಲಪಾಡಿಯಿಂದ ಕಾಸರಗೋಡಿಗೆ ಸುಮಾರು 35 ಕಿ.ಮೀ. ಬೇರೆ ದಿನ ಮುಕ್ಕಾಲು ಗಂಟೆ. ಗಾಳಿಯ ದಿನ ಎರಡು ಗಂಟೆ ಇಟ್ಟುಕೊಳ್ಳಿ.

ಎರಡನೆಯ ದಿನ: ಚಂದ್ರಗಿರಿ, ಬೇಕಲ, ಹೊಸದುರ್ಗ

ಕಾಸರಗೋಡು ಪೇಟೆ ಬಿಟ್ಟು ಕಡಲಬದಿಯ ರಾಜ್ಯ ಹೆದ್ದಾರಿಗೆ ಇಳಿದ ಕೂಡಲೇ ಚಂದ್ರಗಿರಿ ಸೇತುವೆ. ಈ ದಾರಿಯಲ್ಲಿ ಇದಕ್ಕಿಂತ ಒಳ್ಳೆಯ ಪಾಠಶಾಲೆ ಇಲ್ಲ, ನಿಧಾನವಾಗಿ ನೋಡಬೇಕಾದ ಜಾಗ.

ಸೇತುವೆಗೆ ಮುಂಚೆ ಕಟ್ಟಡ, ಮರಗಳ ಮರೆ. ಅಲ್ಲೇ ಎಡಕ್ಕೆ ನಿಲ್ಲಿಸಿ ಒಂದು ನಿಮಿಷ ಹೊಳೆ ನೋಡಿ. ನೀರಿನ ಮೇಲೆ ಕಪ್ಪು ತೇಪೆಗಳು ಪಡುವಣದಿಂದ ಓಡಿ ಬರುತ್ತಿದ್ದರೆ ಅವೇ ಗಾಳಿಯ ಗುದ್ದುಗಳು, ಬಂದು ಹೋಗುವುದು ಕಣ್ಣಿಗೇ ಕಾಣುತ್ತದೆ. ಆಚೆ ದಡದ ತೆಂಗಿನ ಮಡಲುಗಳೆಲ್ಲ ಮೂಡಕ್ಕೆ ಬಾಚಿದ ಹಾಗಿದ್ದರೆ ಗಾಳಿ ಸಮನಾಗಿದೆ, ಎದ್ದು ಬಿದ್ದು ಮಾಡುತ್ತಿದ್ದರೆ ಬಿಟ್ಟು ಬಿಟ್ಟು ಬರುತ್ತಿದೆ. ಎರಡನೆಯದೇ ಕಷ್ಟದ್ದು. ಮುಂದೆ ಹೋಗುವ ಬೈಕುಗಳನ್ನೂ ಗಮನಿಸಿ, ಎಲ್ಲಿ ಅವು ಮೊದಲ ಸಲ ಎಡಕ್ಕೆ ಸರಿಯುತ್ತವೆ ಎಂದು.

ಎರಡನೇ ಅಥವಾ ಮೂರನೇ ಗೇರಿನಲ್ಲಿ 35–40ಕ್ಕೆ ಹೊರಡಿ. ಲೇನಿನ ನಡುವಿಗಿಂತ ತುಸು ಬಲಕ್ಕೆ ಇರಿ, ಎಡಕ್ಕೆ ತಳ್ಳಿಸಿಕೊಳ್ಳಲು ಜಾಗ ಉಳಿಯಲಿ. ಆದರೆ ಇಲ್ಲಿ ನಡುವೆ ವಿಭಜಕವಿಲ್ಲ, ಎದುರಿಂದ ಬಸ್ಸು ಬರುತ್ತದೆ. ಬಸ್ಸಿನ ಮೈ ಒಂದು ಕ್ಷಣ ಗಾಳಿ ಕಡಿಯುತ್ತದೆ, ಬೈಕು ಬಲಕ್ಕೆ, ಬಸ್ಸಿನತ್ತಲೇ ವಾಲುತ್ತದೆ, ಮರುಕ್ಷಣ ಬಸ್ಸಿನ ಬಾಲ ದಾಟಿದಾಗ ಗಾಳಿ ದುಪ್ಪಟ್ಟಾಗಿ ಬಡಿದ ಹಾಗೆ ಅನಿಸುತ್ತದೆ. ಆದ್ದರಿಂದ ಬಸ್ಸು ಕಂಡಾಗ ಲೇನಿನ ನಡುವಿಗೆ ಬನ್ನಿ, ಅದು ಪಕ್ಕಕ್ಕೆ ಬರುವ ಮೊದಲೇ ಬಲ ಹಿಡಿಯ ಒತ್ತು ಸಡಿಲಿಸಿ, ಬಾಲ ದಾಟುವಾಗ ಮತ್ತೆ ಒತ್ತಿ. ಸೇತುವೆಯ ಜೋಡಣೆಯ ಕಬ್ಬಿಣದ ಪಟ್ಟಿಗಳು ಮಳೆಯಲ್ಲಿ ಸಾಬೂನಿನಂತೆ. ಅವುಗಳ ಮೇಲೆ ಬ್ರೇಕೂ ಬೇಡ, ಒತ್ತೂ ಬೇಡ. ಆಚೆ ತುದಿಯಲ್ಲಿ ಗುಡ್ಡದ ಮರೆ ಸಿಕ್ಕಾಗ ಗಾಳಿ ತಟ್ಟನೆ ನಿಲ್ಲುತ್ತದೆ. ದಾಟಿದೆ ಎಂದು ಮೈ ಸಡಿಲ ಬಿಡುವುದೂ ಅಲ್ಲೇ, ಬೈಕು ಬಲಕ್ಕೆ ನುಗ್ಗುವುದೂ ಅಲ್ಲೇ.

ಹಿಂದೆ ಕೂತವರ ಕೈಯಲ್ಲಿ ಕೊಡೆ ಬೇಡವೇ ಬೇಡ. 2021ರಲ್ಲಿ ಕೇರಳದ ಸಾರಿಗೆ ಇಲಾಖೆ ದ್ವಿಚಕ್ರದಲ್ಲಿ ಕೊಡೆ ಹಿಡಿದು ಹೋಗುವುದನ್ನು ತಡೆಯಲು ಆದೇಶ ಹೊರಡಿಸಿದೆ. ಆದೇಶ ಇಲ್ಲದಿದ್ದರೂ ಲೆಕ್ಕ ನೋಡಿ. ಒಂದು ಮೀಟರ್ ಅಗಲದ ಕೊಡೆಗೆ 60ರ ಗಾಳಿ ಹೊಡೆದರೆ ಎಳೆತ 15 ಕಿಲೋ ದಾಟುತ್ತದೆ. ಬೈಕು 40ರಲ್ಲಿ, ಎದುರುಗಾಳಿ 40ರಲ್ಲಿದ್ದರೆ ಕೊಡೆಗೆ ಸಿಗುವುದು 80, ಎಳೆತ 28 ಕಿಲೋ ಹತ್ತಿರ. ಒಂದೇ ಬದಿಗೆ ಕಾಲಿಳಿಬಿಟ್ಟು, ಒಂದು ಕೈಯಲ್ಲಿ ಮಗು ಅಥವಾ ಚೀಲ ಹಿಡಿದು ಕೂತವರನ್ನು ಅಷ್ಟು ಬಲ ಹಿಂದಕ್ಕೆ ಎಳೆದು ರಸ್ತೆಗೆ ಹಾಕುತ್ತದೆ, ತಲೆಯ ಹಿಂಭಾಗವೇ ಮೊದಲು ನೆಲಕ್ಕೆ ಬೀಳುತ್ತದೆ. ಇನ್ನೂರು ಮೀಟರ್ ದೂರದ ಬಸ್ ಸ್ಟ್ಯಾಂಡಿಗೆ ಬಿಡುವಾಗಲೂ ಇದೇ ಲೆಕ್ಕ. ಮನೆಯವರಿಗೆ ಕೂರಿಸಿ ಹೇಳಬೇಕಾದ ವಿಷಯ ಇದು.

ಮೇಲ್ಪರಂಬ, ಕಳನಾಡು, ಉದುಮ ದಾಟುವಾಗ ಮನೆ, ಕಾಂಪೌಂಡು, ತೆಂಗಿನ ತೋಟಗಳ ಮರೆ. ಗಾಳಿ ನೆಲದ ಮಟ್ಟದಲ್ಲಿ ಕಡಿಮೆ, ಮೇಲೆ ಪೂರ್ತಿ. ಇಲ್ಲಿ ಕಾಯಬೇಕಾದದ್ದು ಬೀಳುವ ಮಡಲು. ರಸ್ತೆಯ ಮೇಲೆ ಬಿದ್ದ ಒದ್ದೆ ಮಡಲಿನ ದಿಂಡಿನ ಮೇಲೆ ಚಕ್ರ ಓರೆಯಾಗಿ ಏರಿದರೆ ಬೈಕು ಕೈಯಲ್ಲಿ ಉಳಿಯುವುದಿಲ್ಲ. ದಾಟಲೇಬೇಕಾದರೆ ನೇರ ಅಡ್ಡಕ್ಕೆ, ಬ್ರೇಕ್ ಬಿಟ್ಟು ದಾಟಿ.

ಬೇಕಲ ಕಾಸರಗೋಡಿಂದ ಸುಮಾರು 16 ಕಿ.ಮೀ. ಕೆಳದಿಯ ಶಿವಪ್ಪನಾಯಕ 1650ರ ಆಸುಪಾಸಿನಲ್ಲಿ ಕಟ್ಟಿಸಿದ ಕೋಟೆ, ಕಡಲಿಗೆ ಎದೆ ಕೊಟ್ಟು ನಿಂತ ಜಾಗ. ಕೋಟೆ ನೋಡಿ ಬರುವಷ್ಟರಲ್ಲಿ ಬೈಕು ಮಲಗಿರಬಾರದಲ್ಲ. ಸೈಡ್ ಸ್ಟ್ಯಾಂಡ್ ಇರುವುದು ಎಡಕ್ಕೆ, ಬೈಕು ನಿಲ್ಲುವುದೂ ಎಡಕ್ಕೆ ವಾಲಿ. ಎಡದಿಂದ ಬಂದ ಗಾಳಿ ಅದನ್ನು ಸ್ಟ್ಯಾಂಡಿನಿಂದ ಎಬ್ಬಿಸಿ ಬಲಕ್ಕೆ ಕೆಡವುತ್ತದೆ. ಬಲದಿಂದ ಬಂದ ಗಾಳಿ ಸ್ಟ್ಯಾಂಡಿನ ಮೇಲೆ ಇನ್ನಷ್ಟು ಕೂರಿಸುತ್ತದೆ. ಹಾಗಾಗಿ ಪಡುವಣ ಗಾಳಿಯಲ್ಲಿ ಬೈಕಿನ ಮುಖ ತೆಂಕಕ್ಕಿರಲಿ. ಮೊದಲ ಗೇರ್ ಹಾಕಿಡಿ. ನೆನೆದ ಮಣ್ಣಿನಲ್ಲಿ ಸ್ಟ್ಯಾಂಡ್ ಹೂತುಹೋಗುತ್ತದೆ, ಒಂದು ಚಪ್ಪಟೆ ಮುರಕಲ್ಲಿನ ಚೂರು ಅಡಿಗಿಡಿ. ಸೆಂಟರ್ ಸ್ಟ್ಯಾಂಡ್ ಗಟ್ಟಿ ಎಂದು ಕಾಣುತ್ತದೆ, ಅಡ್ಡಗಾಳಿಗೆ ಅದರ ಬುಡ ಕಿರಿದು, ಬೈಕೂ ನೆಟ್ಟಗೆ ಎತ್ತರಕ್ಕೆ ನಿಂತಿರುತ್ತದೆ. ಗಾಳಿಮರಗಳ ಅಡಿಯಲ್ಲಿ ನಿಲ್ಲಿಸಬೇಡಿ. ಹೆಸರಿನಲ್ಲೇ ಗಾಳಿ ಇರುವ ಮರ, ಮರಳಿನಲ್ಲಿ ಅದರ ಬೇರಿನ ಹಿಡಿತ ಅಷ್ಟಕ್ಕಷ್ಟೆ.

ಬೈಕಿಗೆ ಹೊದಿಸುವ ಕವರ್ ಕೂಡ ಇಲ್ಲಿ ಬೇಡ. ಗಾಳಿ ತುಂಬಿದರೆ ಅದೇ ಹಾಯಿ.

ಪಳ್ಳಿಕ್ಕರೆಯಿಂದ ಹೊಸದುರ್ಗದವರೆಗೆ ವಿಶೇಷವೇನಿಲ್ಲ. ಇಡೀ ಕರಾವಳಿ ರಸ್ತೆ 28 ಕಿ.ಮೀ.ಗೆ ತುಸು ಕಡಿಮೆ, ಮಧ್ಯಾಹ್ನದೊಳಗೆ ಮುಗಿಸಿ ಉಳಿಯುವುದು ಒಳ್ಳೆಯದು.

ಮೂರನೆಯ ದಿನ: ರಾಣಿಪುರಂ, ಬೆನ್ನಿಗೆ ಗಾಳಿ

ಹೊಸದುರ್ಗದಿಂದ ಮಾವುಂಗಾಲ್, ಒಡಯಂಚಾಲ್, ರಾಜಪುರಂ, ಪನತ್ತಡಿ ದಾರಿಯಾಗಿ ರಾಣಿಪುರಂಗೆ ಸುಮಾರು 48 ಕಿ.ಮೀ. ರಸ್ತೆ ಮೂಡಕ್ಕೆ. ಗಾಳಿ ಹಿಂದಿನಿಂದ ಬರುವುದರಿಂದ ಹೆಲ್ಮೆಟ್ಟಿನಲ್ಲಿ ಸದ್ದೇ ಇಲ್ಲ, ಎಂಜಿನ್ ಹಗುರ, ಎಲ್ಲ ಸುಖ. ಮೋಸ ಇರುವುದೂ ಅಲ್ಲೇ. 50ರಲ್ಲಿ ಹೋಗುತ್ತಿರುವ ಬೈಕಿನ ಹಿಂದೆ 30ರ ಗಾಳಿ ಇದ್ದರೆ ಮುಖಕ್ಕೆ ತಾಗುವುದು 20ರ ಗಾಳಿ ಮಾತ್ರ. ಕಿವಿ ವೇಗವನ್ನು ಗಾಳಿಯ ಸದ್ದಿನಿಂದ ಅಳೆಯುತ್ತದೆ, ಹಾಗಾಗಿ 50 ಅನ್ನುವುದು 20ರ ಹಾಗೆ ತೋರುತ್ತದೆ. ತಿರುವಿಗೆ ಬಂದಾಗ ವೇಗ ಜಾಸ್ತಿಯಾಗಿರುತ್ತದೆ, ಬ್ರೇಕ್ ಹಿಡಿದರೂ ಎಂದಿನ ಗಾಳಿಯ ತಡೆ ಸಿಗುವುದಿಲ್ಲ. ಈ ದಿನ ಸ್ಪೀಡೋಮೀಟರ್ ನೋಡಿ ಓಡಿಸಿ, ಮುಂದಿನ ವಾಹನಕ್ಕೆ ಎಂದಿಗಿಂತ ಒಂದೂವರೆ ಪಟ್ಟು ಅಂತರ ಇಡಿ.

ಒಡಯಂಚಾಲ್ ಕಳೆದ ಮೇಲೆ ರಬ್ಬರ್ ತೋಟಗಳು. ರಬ್ಬರ್ ಮರ ಗಾಳಿಗೆ ಬಗ್ಗುವ ಜಾತಿಯಲ್ಲ, ನಡುವಿಗೆ ಲಟಕ್ಕನೆ ಮುರಿಯುವ ಜಾತಿ. ರಸ್ತೆ ಬದಿಯ ಅಕೇಶಿಯ ಬುಡಸಮೇತ ಮಗುಚುತ್ತದೆ. ತಿರುವಿನಾಚೆ ಮರ ಅಡ್ಡ ಬಿದ್ದಿದೆ ಎಂದೇ ಭಾವಿಸಿ ತಿರುಗಬೇಕು, ಕಾಣುವಷ್ಟು ದೂರದೊಳಗೆ ನಿಲ್ಲುವ ವೇಗದಲ್ಲಿ. ರಸ್ತೆಯಲ್ಲಿ ಹಸಿ ಎಲೆ, ಸಣ್ಣ ರೆಂಬೆ ಹೊಸದಾಗಿ ಚೆಲ್ಲಿದ್ದರೆ ಮುಂದೆ ದೊಡ್ಡದು ಬಿದ್ದಿರುವ ಸೂಚನೆ. ಮರದೊಂದಿಗೆ ವಿದ್ಯುತ್ ತಂತಿ ಹರಿದು ಬಿದ್ದಿದ್ದರೆ ಹತ್ತು ಮೀಟರ್ ಆಚೆಯೇ ನಿಲ್ಲಿ, ತಂತಿ ಸತ್ತಿದೆ ಎಂದು ಯಾರು ಹೇಳಿದರೂ ದಾಟಬೇಡಿ. ಒದ್ದೆ ರಸ್ತೆಯೇ ಕರೆಂಟು ಒಯ್ಯುತ್ತದೆ. ವಿದ್ಯುತ್ ಮಂಡಳಿಯ ದೂರು ಸಂಖ್ಯೆ 1912ಕ್ಕೆ ತಿಳಿಸಿ, ಎರಡೂ ಬದಿಯ ವಾಹನ ತಡೆದು ನಿಲ್ಲಿಸುವುದು ಆಗ ಮೊದಲ ಕೆಲಸ.

ಪನತ್ತಡಿಯಿಂದ ಮೇಲಕ್ಕೆ ಏರು ಮತ್ತು ತಿರುವು. ಗುಡ್ಡದ ಮೂಗು ಸುತ್ತಿದಾಗಲೆಲ್ಲ ಗಾಳಿಯ ದಿಕ್ಕು ಬದಲು. ಒಂದು ತಿರುವಿನಲ್ಲಿ ಬೆನ್ನಿಗಿದ್ದದ್ದು ಮುಂದಿನದರಲ್ಲಿ ಪಕ್ಕೆಗೆ ಬರುತ್ತದೆ, ಮರದ ಸಾಲು ಮುಗಿದ ಕಡೆ ಕಣಿವೆಯಿಂದ ಮೇಲಕ್ಕೇ ಬೀಸುತ್ತದೆ. ಒಂದೇ ನಿಯಮ: ತಿರುವಿನಲ್ಲಿ ಪೂರ್ತಿ ವಾಲಿಸಿ ಬಿಡಬೇಡಿ, ಇನ್ನೂ ಅಷ್ಟೇ ವಾಲಲು ಉಳಿದಿರಬೇಕು. ಬೈಕು ರಾಣಿಪುರಂ ಬುಡದಲ್ಲೇ ನಿಲ್ಲುತ್ತದೆ, ಹುಲ್ಲುಗಾವಲಿಗೆ ಕಾಲ್ನಡಿಗೆ. ರೆಡ್ ಅಲರ್ಟ್ ಇರುವ ದಿನ ಚಾರಣ ಮುಚ್ಚುವುದುಂಟು, ಹೊರಡುವ ಮೊದಲೇ ವಿಚಾರಿಸಿ. ಉಂಬಳಕ್ಕೆ ಉಪ್ಪು ಜೇಬಲ್ಲಿರಲಿ.

ಇಳಿದು ಪಡುವಕ್ಕೆ ತಿರುಗಿದರೆ ಬೆಳಗ್ಗೆ ಕೊಟ್ಟದ್ದನ್ನೆಲ್ಲ ಗಾಳಿ ವಾಪಸ್ಸು ಕೇಳುತ್ತದೆ. ಎದುರುಗಾಳಿ ಬೈಕನ್ನು ಬೀಳಿಸುವುದು ಕಡಿಮೆ, ಸವಾರನನ್ನು ದಣಿಸುವುದು ಜಾಸ್ತಿ. ಕತ್ತು, ಭುಜ ಹಿಡಿದುಕೊಳ್ಳುತ್ತವೆ, ದಣಿದ ಭುಜ ಹ್ಯಾಂಡಲನ್ನು ಬಿಗಿಯುತ್ತದೆ, ಮತ್ತೆ ಅದೇ ಓಲಾಟ. ಮುಕ್ಕಾಲು ಗಂಟೆಗೊಮ್ಮೆ ನಿಲ್ಲಿಸಿ ಭುಜ ತಿರುಗಿಸಿ, ಬಿಸಿ ಏನಾದರೂ ಕುಡಿಯಿರಿ. ಪೆಟ್ರೋಲೂ ಎಂದಿಗಿಂತ ಹೆಚ್ಚು ಕುಡಿಯುತ್ತದೆ, ರಾಜಪುರಂ ದಾಟುವ ಮೊದಲು ಟ್ಯಾಂಕ್ ಅರ್ಧಕ್ಕಿಂತ ಮೇಲಿರಲಿ.

ನಾಲ್ಕನೆಯ ದಿನ: ಪದವುಗಳ ಮೇಲೆ, ಬಡಗಿಗೆ

ಈ ದಿನ ಗಾಳಿ ಎಡಕ್ಕೆ ಬಂತು. ಸಣ್ಣ ಬದಲಾವಣೆಯಂತೆ ಕಂಡರೂ ಎಲ್ಲ ಅಪಾಯಗಳೂ ಬದಿ ಬದಲಿಸುತ್ತವೆ. ತೆಂಕಕ್ಕೆ ಹೋಗುವಾಗ ಗಾಳಿ ರಸ್ತೆಯ ಅಂಚಿಗೆ ತಳ್ಳುತ್ತಿತ್ತು, ಬಡಗಿಗೆ ಹೋಗುವಾಗ ಎದುರು ಬರುವ ವಾಹನಗಳ ಕಡೆಗೆ ತಳ್ಳುತ್ತದೆ. ಒತ್ತಬೇಕಾದದ್ದು ಎಡ ಹಿಡಿ, ಇರಬೇಕಾದದ್ದು ಲೇನಿನ ಎಡ ಅರ್ಧದಲ್ಲಿ. ಲಾರಿ ದಾಟುವುದೂ ತಿರುಗುಮುರುಗು: ಬಲಬದಿಯಿಂದ ದಾಟುವಾಗ ಲಾರಿಯ ಮೈ ಗಾಳಿ ತಡೆದು ಎಲ್ಲ ಶಾಂತ, ಕ್ಯಾಬಿನ್ ದಾಟಿ ಮುಂದೆ ಬಂದ ಕ್ಷಣ ಎಡದಿಂದ ಪೂರ್ತಿ ಗಾಳಿ ಬಡಿದು ಬಲಕ್ಕೆ ಎಸೆಯುತ್ತದೆ. ಎರಡು ಲೇನಿನ ರಸ್ತೆಯಲ್ಲಿ ಬಲಕ್ಕೆ ಎಂದರೆ ಎದುರಿನ ವಾಹನದ ಕೆಳಕ್ಕೆ. ಕ್ಯಾಬಿನ್ನಿನ ಮೂತಿ ಬರುವ ಮೊದಲೇ ಎಡ ಹಿಡಿಗೆ ಅಂಗೈ ಕೊಟ್ಟು ಸಿದ್ಧವಿರಬೇಕು.

ಪೆರಿಯ, ಪೊಯಿನಾಚಿ, ಚಟ್ಟಂಚಾಲ್: ಹೆದ್ದಾರಿ ಇಲ್ಲಿ ಕಡಲಿಂದ ದೂರ ಸರಿದು ಮುರಕಲ್ಲಿನ ಪದವುಗಳನ್ನು ಏರುತ್ತದೆ. ಕೇಂದ್ರೀಯ ವಿಶ್ವವಿದ್ಯಾಲಯ ಇರುವ ಪೆರಿಯದ ಬಯಲು ನೋಡಿದರೆ ಪದವು ಅಂದರೇನು ಎಂದು ತಿಳಿಯುತ್ತದೆ. ಸಮತಟ್ಟು ಪಾರೆ, ಮೊಣಕಾಲೆತ್ತರದ ಮುಳಿಹುಲ್ಲು, ಗಾಳಿಗೆ ಅಡ್ಡ ಒಂದು ಗಿಡವೂ ಇಲ್ಲ. ಗಾಳಿ ಬಲವಾದರೂ ಸಮನಾಗಿರುತ್ತದೆ, ಹುಲ್ಲು ಒಂದೇ ಕಡೆ ಮಲಗಿರುತ್ತದೆ. ಇಂಥಲ್ಲಿ ಸವಾರಿ ಸುಲಭ. ಪದವು ಮುಗಿದು ರಸ್ತೆ ಮುರಕಲ್ಲು ಕಡಿದ ಓಣಿಗೆ ಇಳಿಯುವ ಬಾಯಿ ನೋಡಿಕೊಳ್ಳಿ, ಗಾಳಿ ಅಲ್ಲಿ ಕತ್ತರಿಸಿದ ಹಾಗೆ ನಿಲ್ಲುತ್ತದೆ, ಎಡಕ್ಕೆ ವಾಲಿದ ಬೈಕು ಕಡಿದ ಗೋಡೆಯತ್ತ ಹೋಗುತ್ತದೆ. ತೆಕ್ಕಿಲ್ ಸೇತುವೆಯ ಆಸುಪಾಸಿನ ಗುಡ್ಡ ಕಡಿದ ಇಳಿಜಾರುಗಳ ಕೆಳಗೆ ಮಳೆ ಬರುವಾಗ ನಿಲ್ಲುವ ಯೋಚನೆಯೇ ಬೇಡ.

ಚೆರ್ಕಳದಲ್ಲಿ ಬಲಕ್ಕೆ ತಿರುಗಿ ಎಡನೀರು, ಬದಿಯಡ್ಕ, ಪೆರ್ಲ. ಅಡಕೆ ತೋಟಗಳ ತಗ್ಗು, ಗಾಳಿ ಮೇಲೆ ಹಾಯುತ್ತದೆ. ಕೆಳಗೆ ಸೋಗೆ, ಹಾಳೆ ಬಿದ್ದಿರುತ್ತವೆ. ಒದ್ದೆ ಹಾಳೆಯ ಒಳಮೈ ಮೇಲೆ ಟೈರು ಇಟ್ಟರೆ ಚಿಕ್ಕಂದಿನಲ್ಲಿ ಹಾಳೆಯಲ್ಲಿ ಕೂತು ಜಾರಿದ್ದು ನೆನಪಾಗಬೇಕು. ಪೆರ್ಲದ ಕಡೆಯಿಂದ ಒಳರಸ್ತೆ ಹಿಡಿದು ಬಾಯಾರುಪದವಿನತ್ತ ಏರಿದರೆ ಪೊಸಡಿ ಗುಂಪೆ ಗುಡ್ಡದ ತಲೆ ಕಾಣುತ್ತದೆ. ಅಲ್ಲಿಂದ ಉಪ್ಪಳದ ತನಕ ರಸ್ತೆ ಪಡುವಕ್ಕೆ ಇಳಿಯುತ್ತದೆ, ಗಾಳಿ ಎದುರಿಗೆ.

ಎತ್ತರದಿಂದ ಕಡಲ ಕಡೆ ನೋಡುತ್ತಾ ಇಳಿಯುವುದರಿಂದ ಮಳೆ ಬರುವುದು ಮೊದಲೇ ತಿಳಿಯುತ್ತದೆ. ಪಡುವಣದಲ್ಲಿ ಸೀಸದ ಬಣ್ಣದ ಒಂದು ಅಂಚು, ಅದರಡಿ ಬೂದು ಪರದೆ, ಗಾಳಿ ಒಮ್ಮೆ ಪೂರ್ತಿ ನಿಂತ ಹಾಗೆ, ಆಮೇಲೆ ಮುಖಕ್ಕೆ ತಣ್ಣಗೆ ಒಂದು ಉಸಿರು. ತಣ್ಣಗಾಯಿತೆಂದರೆ ಕೆಲವೇ ನಿಮಿಷ ಉಳಿದಿದೆ. ಈ ಹೊಡೆತದ ಗಾಳಿಗೆ ಮೊದಲ ಹತ್ತು ಹದಿನೈದು ನಿಮಿಷದಲ್ಲೇ ಹೆಚ್ಚಿನ ಬಲ, ಮಳೆ ಕೂತ ಮೇಲೆ ಇಳಿಯುತ್ತದೆ. ಅಷ್ಟು ಹೊತ್ತು ನಿಂತರೆ ಸಾಕು. ನಿಲ್ಲಬೇಕಾದದ್ದು ಕಾಂಕ್ರೀಟ್ ಬಸ್ ತಂಗುದಾಣದಲ್ಲಿ, ಗಟ್ಟಿ ಕಟ್ಟಡದ ಮೂಡು ಬದಿಯ ಜಗಲಿಯಲ್ಲಿ. ಮರದಡಿ, ಫ್ಲೆಕ್ಸ್ ಬೋರ್ಡಿನಡಿ, ತಗಡು ಶೀಟಿನ ಚಪ್ಪರದಡಿ, ವಿದ್ಯುತ್ ಕಂಬದ ಬಳಿ ಬೇಡ. ಬಯಲು ಪದವಿನಲ್ಲೇ ಸಿಕ್ಕಿಕೊಂಡರೆ, ಸಿಡಿಲಿಲ್ಲದಿದ್ದರೆ, ಬೈಕನ್ನು ಗಾಳಿ ಬಲದಿಂದ ಬರುವ ಹಾಗೆ ರಸ್ತೆ ಬಿಟ್ಟು ನಿಲ್ಲಿಸಿ, ಅದರಿಂದ ನಾಲ್ಕು ಮಾರು ದೂರ ಗಾಳಿಗೆ ಬೆನ್ನು ಕೊಟ್ಟು ಕೂರಿ. ಬೀಳುವ ಬೈಕನ್ನು ಹಿಡಿಯಲು ಹೋಗಬೇಡಿ. ಮುರಿದ ಲಿವರ್ ಕುಂಬಳೆಯಲ್ಲೋ ಉಪ್ಪಳದಲ್ಲೋ ಸಿಗುತ್ತದೆ. ಸಿಡಿಲಿದ್ದರೆ ಬಯಲಿನಲ್ಲಿ ಕಾಯುವ ಮಾತಿಲ್ಲ, ನಿಧಾನವಾಗಿಯಾದರೂ ತಗ್ಗಿನ ಮನೆಗಳತ್ತ ಇಳಿಯಬೇಕು.

ಉಪ್ಪಳದಿಂದ ತಲಪಾಡಿಗೆ ಬಡಗುಮುಖದ ಸರ್ವಿಸ್ ರಸ್ತೆ. ಈಗ ಅದು ದಿಬ್ಬದ ಪಡು ಬದಿಗಿದೆ, ಎಡಕ್ಕೆ ಮರೆಯಿಲ್ಲದ ಕಡಲ ಬದಿ, ಬಲಕ್ಕೆ ಗೋಡೆ. ಗಾಳಿ ಗೋಡೆಗೆ ಬಡಿದು ತಿರುಗಿ ಬೈಕಿನ ಸುತ್ತ ಸುಳಿಯುತ್ತದೆ, ಮುಂದಿನ ಚಕ್ರ ಯಾರೋ ಹಿಡಿದು ಅಲುಗಿಸಿದ ಹಾಗೆ ಆಗುತ್ತದೆ. ಮೊದಲ ದಿನ ಚಿಮ್ಮಿದ ಅಂಡರ್‌ಪಾಸ್ ಈ ಬದಿಯಿಂದ ಗಾಳಿಯನ್ನು ಒಳಕ್ಕೆ ಎಳೆಯುತ್ತದೆ, ಬೈಕೂ ಬಾಯಿಯತ್ತ ಬಲಕ್ಕೆ ಸೆಳೆದಂತಾಗುತ್ತದೆ. ಎಡಕ್ಕೆ ಉಳಿದು 30ರಲ್ಲಿ ಹೋಗಿ. ಲೇನಿನ ಅರ್ಧದೊಳಗೆ ಬೈಕನ್ನು ಇಟ್ಟುಕೊಳ್ಳಲು 40ರ ವೇಗದಲ್ಲೂ ಆಗದಿದ್ದರೆ ಆ ದಿನದ ಸವಾರಿ ಮಂಜೇಶ್ವರದಲ್ಲೇ ಮುಗಿಯಲಿ, ತಲಪಾಡಿಗೆ ಬಸ್ಸುಗಳಿವೆ.

ಮನೆ ಸೇರಿದ ರಾತ್ರಿಯೇ ಬೈಕಿಗೆ ಸಿಹಿನೀರು ಹೊಯ್ಯಿರಿ. ಕಡಲ ಗಾಳಿ ತಂದ ಉಪ್ಪು ಚೈನಿನ ರೋಲರ್, ಬ್ರೇಕ್ ಕ್ಯಾಲಿಪರಿನ ಪಿನ್ನು, ಕ್ಲಚ್ ಕೇಬಲಿನ ತುದಿಯಲ್ಲಿ ಕೂತಿರುತ್ತದೆ, ಬೆಳಗಾಗುವಷ್ಟರಲ್ಲಿ ಚೈನ್ ಕೆಂಪಾಗುತ್ತದೆ. ಜೋರು ಪ್ರೆಷರ್ ವಾಷ್ ಬೇಡ, ಅದು ಬೇರಿಂಗಿನೊಳಕ್ಕೆ ನೀರು ನುಗ್ಗಿಸುತ್ತದೆ. ಬಕೆಟ್ಟು, ಬಟ್ಟೆ ಸಾಕು. ಒಣಗಿದ ಮೇಲೆ ಚೈನಿಗೆ ಎಣ್ಣೆ ಬಿಟ್ಟು, ಬ್ರೇಕ್ ಡಿಸ್ಕಿಗೆ ಅದು ತಾಗದ ಹಾಗೆ ಒರೆಸಿ, ಮತ್ತೊಮ್ಮೆ ಸೆಂಟರ್ ಸ್ಟ್ಯಾಂಡಿಗೆ ಹಾಕಿ ಹ್ಯಾಂಡಲನ್ನು ಎರಡು ಬೆರಳಲ್ಲಿ ಎಡದಿಂದ ಬಲಕ್ಕೆ ತಿರುಗಿಸಿ ನೋಡಿ.